ನಮ್ಮೂರ ಹಾಯಿಗೆ ಬಣ್ಣ ಹಚ್ಚಿದ ಅನುಭವ

ಮೊದಲು ಬಟ್ಟೆಯ ಮಾತು. ಈಗಿನ ಹಾಯಿಗಳು ಹೆಚ್ಚಾಗಿ ಪಾಲಿಯೆಸ್ಟರ್. ಅದರ ಮೇಲೆ ಬಣ್ಣ ಕೂರುತ್ತದೆ, ಒಳಗೆ ಇಳಿಯುವುದಿಲ್ಲ. ನಮ್ಮದು ಸಮುದ್ರಕ್ಕೆ ಹೋಗುವ ಹಾಯಿಯೂ ಅಲ್ಲ, ಕಡಲತೀರದಲ್ಲಿ ಕಂಬಕ್ಕೆ ಏರಿಸುವುದು. ಹಾಗಾಗಿ ಹತ್ತಿ ಕ್ಯಾನ್ವಾಸ್ ತಂದೆವು. ಎತ್ತರ 15 ಅಡಿ. ಗಂಜಿ ಬಿಡುವ ತನಕ ತೊಳೆದು ಒಣಗಿಸಿ, ಆಮೇಲೆ ಪಟ್ಟಿಗಳನ್ನು ಸೇರಿಸಿ ಹೊಲಿಸಿದೆವು. ಮೊದಲೇ ಹೊಲಿದರೆ ಬಟ್ಟೆ ಕುಗ್ಗಿ ಹೊಲಿಗೆಯೆಲ್ಲ ಸುಕ್ಕು.

ಬಣ್ಣಕ್ಕೆ ನಾನು ನೋಡಿದ್ದು ಇಟಲಿಯ ವೆನಿಸ್, ಕಿಯೋಜಾ ಕಡೆಯ ಹಳೆಯ ಮೀನು ದೋಣಿಗಳನ್ನು. ಅವುಗಳ ಹಾಯಿಗೆ ಹಳದಿ, ಕೆಂಪು ಮಣ್ಣಿನ ಬಣ್ಣವನ್ನು ಸ್ಪಂಜಿನಿಂದ ಹಚ್ಚುತ್ತಿದ್ದರು. ಮನೆತನಕ್ಕೊಂದು ಗುರುತು. ಯಾರ ದೋಣಿ ಬರ್ತಿದೆ ಅಂತ ದೂರದಿಂದಲೇ ಗೊತ್ತಾಗಬೇಕಲ್ವಾ! ಇಂಗ್ಲೆಂಡಿನ ಮೀನುಗಾರರ ಕೆಂಗಂದು ಹಾಯಿಗಳಿಗೆ ಹಾಕುತ್ತಿದ್ದದ್ದು ಕಾಚು. ಎಲೆ ಅಡಿಕೆಯ ಅದೇ ಕಾಚು, ಭಾರತ ಮತ್ತು ಬರ್ಮಾದಿಂದ ಹಡಗಿನಲ್ಲಿ ಹೋಗುತ್ತಿತ್ತು. ಅದರಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ಹತ್ತಿ ಬೇಗ ಕೊಳೆಯದಂತೆ ಕಾಯುತ್ತದೆ. ನಾವೂ ಕಾಚು ಕುದಿಸಿ ಸೋಸಿ, ಬಿಸಿ ಇರುವಾಗಲೇ ಸ್ಪಂಜಿನಿಂದ ತಳಬಣ್ಣ ಕೊಟ್ಟೆವು.

ಮೇಲಿನ ಚಿತ್ರ ಬಂಗುಡೆ ಹಿಂಡು. ಅಕ್ರಿಲಿಕ್ ಬಣ್ಣಕ್ಕೆ ನೀರು ಕಡಿಮೆ, ಫ್ಯಾಬ್ರಿಕ್ ಮೀಡಿಯಂ (ಬಟ್ಟೆಯ ಮೇಲೆ ಬಣ್ಣ ಮೆತ್ತಗಿರಲು ಬೆರೆಸುವ ದ್ರವ) ಜಾಸ್ತಿ. ದಪ್ಪ ಬಳಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ, ಹಾಯಿ ಗಾಳಿಗೆ ಉಬ್ಬದೆ ಒದ್ದೆ ಚಾಪೆಯ ಹಾಗೆ ನೇತಾಡುತ್ತದೆ. ಕಾಚಿನ ಕಂದಿನ ಮೇಲೆ ತಿಳಿ ಹಳದಿ ಮುಳುಗಿಹೋಗುತ್ತದೆ, ನೀಲಿ ಕಪ್ಪಿಗೆ ತಿರುಗುತ್ತದೆ. ಸ್ವಲ್ಪ ಬಿಳಿ ಬೆರೆಸಿದರೆ ಎದ್ದು ಕಾಣುತ್ತದೆ.

ಜನ ತುಂಬಾ ಸೇರಿದ್ದರು. ಒಬ್ಬೊಬ್ಬರಿಗೆ ಒಂದೊಂದು ಚೌಕ ಹಂಚೋಣ ಅಂದರು ಕೆಲವರು. ನಾನು ಒಪ್ಪಲಿಲ್ಲ. ಹಾಗೆ ಮಾಡಿದರೆ ಬೇಕಾದಷ್ಟು ಚಿತ್ರ ಬರುತ್ತವೆ, ಹಾಯಿ ಬರುವುದಿಲ್ಲ. ಜಾಗದ ಬದಲು ಬಣ್ಣ ಹಂಚಿದೆ. ನೀಲಿ ಹಿಡಿದವರು ನೀಲಿ ಬೇಕಾದ ಕಡೆಗೆಲ್ಲ ಹೋಗಬೇಕು. ಇದರಿಂದ ಎಲ್ಲರೂ ಎಲ್ಲರ ಪಕ್ಕ ಕೂತರು, ಜಗಳವನ್ನೂ ಆಡಿದರು. ಮೀನು ಮಾರುವ ಹೆಂಗಸೊಬ್ಬರು ಬಂದು, "ಇದು ಬಂಗುಡೆಯಾ?" ಅಂತ ನಕ್ಕು, ಬೆನ್ನಿನ ಪಟ್ಟೆಗಳನ್ನು ಸೊಟ್ಟಸೊಟ್ಟಗೆ ಎಳೆದರು. ಇಡೀ ಹಾಯಿಯಲ್ಲಿ ನನಗೆ ಇಷ್ಟವಾದ ಗೆರೆಗಳು ಅವೇ.

ನಡುವಿನಿಂದ ಶುರುಮಾಡಿ ಅಂಚಿಗೆ ಬಂದೆವು. ನಡುಭಾಗಕ್ಕೆ ಕೈ ಎಟುಕಲು ಆಚೀಚೆ ಇಟ್ಟಿಗೆ ಇಟ್ಟು, ಅದರ ಮೇಲೆ ಹಲಗೆ ಹಾಕಿ ಕೂತೆವು. ಕೆಳಗಿನ ಪ್ಲಾಸ್ಟಿಕ್ ಹಾಳೆಗೆ ಬಟ್ಟೆ ಅಂಟದಂತೆ ಆಗಾಗ ಎತ್ತುತ್ತಿರಬೇಕು. ಒಣಗಿದ ಮೇಲೆ ಹಿಂದಿನಿಂದ ಇಸ್ತ್ರಿ ಹಾಕಿದೆವು. ಮಳೆಗಾಲದಲ್ಲಿ ಮಡಚಿಡುವುದಿಲ್ಲ, ಪಿವಿಸಿ ಪೈಪಿಗೆ ಸುತ್ತಿ ಅಟ್ಟದ ಮೇಲೆ ಇಡುತ್ತೇವೆ.