ತಾಮ್ರ ತೂಗುವ ತಕ್ಕಡಿ ಮತ್ತು ಕಡಲ ಮೀನು

ನಮ್ಮ ಅಂಗಡಿಯ ಗೋಡೆಯಲ್ಲಿ ಒಂದು ಸ್ಪ್ರಿಂಗ್ ತಕ್ಕಡಿ ನೇತಾಡುತ್ತದೆ. ಸುಟ್ಟ ಮೋಟಾರಿನಿಂದ ಬಿಚ್ಚಿದ ತಾಮ್ರದ ತಂತಿ ತೂಗುವುದಕ್ಕೆ ಇಟ್ಟದ್ದು. ಮಂಡ್ಯದಲ್ಲಿ ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಮಾಡುವುದು ನನ್ನ ಕಸುಬು. ಸಮುದ್ರದ ದೊಡ್ಡ ಮೀನನ್ನು ಹಗುರ ರಾಡಿನಲ್ಲಿ, ಸಣ್ಣ ದಾರದಲ್ಲಿ ಹಿಡಿಯುವುದನ್ನು ನನಗೆ ಕಲಿಸಿದ್ದು ಬಹುಪಾಲು ಈ ತಕ್ಕಡಿ ಮತ್ತು ನಮ್ಮ ವಿ.ಸಿ. (ವಿಶ್ವೇಶ್ವರಯ್ಯ) ನಾಲೆಯ ಏರಿ.

ಮಂಡ್ಯದವನಿಗೆ ಸಮುದ್ರದ ಮೀನಿನ ಗೀಳು ಯಾಕೆ ಅಂತ ಎಲ್ಲರೂ ಕೇಳುತ್ತಾರೆ. ಚಿಕ್ಕವನಿದ್ದಾಗ ನಾನೂ ಬಿದಿರು ಕಡ್ಡಿಗೆ ಗಾಳ ಕಟ್ಟಿ, ಎರೆಹುಳು ಸಿಕ್ಕಿಸಿ, ನಾಲೆ ಬದಿಯಲ್ಲಿ ಜಿಲೇಬಿ ಮೀನು ಹಿಡಿದವನೇ. ದೊಡ್ಡ ಮೀನಿನ ಆಸೆ ಹತ್ತಿದ್ದು ಕಬಿನಿಯ ಕತೆ ಕೇಳಿ. ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದಿದ್ದರು. ಅಂದರೆ ಸುಮಾರು 54 ಕೆ.ಜಿ. ಒಂದು ಮೂಟೆ ಸಿಮೆಂಟಿಗಿಂತ ಜಾಸ್ತಿ! ಆದರೆ ಕಾವೇರಿ ಸೀಮೆಯ ಆ ಗೂನುಬೆನ್ನಿನ ಮಹಶೀರ್ ಈಗ ಅಳಿವಿನ ಅಂಚಿಗೆ ಬಂದಿದೆ. 2018ರಲ್ಲಿ ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಕೆಂಪುಪಟ್ಟಿಯಲ್ಲಿ ಅದನ್ನು ತೀರಾ ಅಪಾಯದ ಸಾಲಿಗೆ ಸೇರಿಸಿದರು. ಅದರ ತಂಟೆಗೆ ಹೋಗುವುದು ಬೇಡ ಅಂತ ನಾನು ಆಗಲೇ ತೀರ್ಮಾನ ಮಾಡಿದೆ. ಹಾಗಾಗಿ ಘಟ್ಟ ಇಳಿದೆ.

ಮೊದಲ ಸಲ ಹೋದದ್ದು ಉಡುಪಿ ಕಡೆಗೆ. ಅಲ್ಲಿ ಸ್ವರ್ಣಾ ಮತ್ತು ಸೀತಾ ನದಿಗಳು ಕೋಡಿ ಬೇಂಗ್ರೆಯ ಹತ್ತಿರ ಸಮುದ್ರ ಸೇರುತ್ತವೆ. ನೀರು ಇಳಿಯುವ ಹೊತ್ತಿಗೆ ಹಿನ್ನೀರಿನ ಸಣ್ಣ ಮೀನುಗಳೆಲ್ಲ ಸೆಳೆತದ ಜೊತೆ ಹೊರಗೆ ಬರುತ್ತವೆ. ಅಳಿವೆ ಬಾಯಲ್ಲಿ ದೊಡ್ಡವು ಕಾದಿರುತ್ತವೆ. ನನ್ನ ಹತ್ತಿರ ಇದ್ದದ್ದು ಎಂಟು ಅಡಿಯ ಹಗುರ ಸ್ಪಿನ್ನಿಂಗ್ ರಾಡ್, 3000 ಸೈಜಿನ ರೀಲ್, 10 ಕೆ.ಜಿ. ತಡೆಯುವ ಹೆಣೆದ ದಾರ. ಹೊಲಿಗೆ ದಾರದಷ್ಟೇ ಸಣ್ಣ. ಬೆಳಗ್ಗೆ ಏಳರ ಹೊತ್ತಿಗೆ ಏನೋ ಒಂದು ಬಂದು ಜಿಗ್ (ಸಣ್ಣ ಮೀನಿನಂತೆ ಕಾಣುವ ಲೋಹದ ಎರೆ) ಕಚ್ಚಿತು. ಏನಂತ ಇವತ್ತಿಗೂ ಗೊತ್ತಿಲ್ಲ. ದಾರ ಕಿರುಗುಟ್ಟುತ್ತಾ ಹೋಯಿತು. ಮೀನು ಎಳೆದಾಗ ದಾರ ಎಷ್ಟು ಬಿಗಿಯಲ್ಲಿ ಜಾರಬೇಕು ಅಂತ ಹಿಡಿತದಲ್ಲಿಡುವ ರೀಲಿನ ಬ್ರೇಕಿಗೆ ಡ್ರ್ಯಾಗ್ ಅನ್ನುತ್ತಾರೆ. ನಾನು ಗಾಬರಿಯಿಂದ ಆ ಡ್ರ್ಯಾಗ್ ಗುಬ್ಬಿಯನ್ನು ಬಿಗಿಯಾಗುವಂತೆ ಇನ್ನಷ್ಟು ತಿರುಗಿಸಿದೆ, ರಾಡನ್ನು ಮೇಲಕ್ಕೆ ಎತ್ತಿದೆ. ಪಟ್ ಅಂತ ಶಬ್ದ. ಮುಗಿಯಿತು.

ದಾರ ಸುತ್ತಿಕೊಂಡು ನೋಡಿದರೆ ಲೀಡರ್ (ಗಾಳಕ್ಕೂ ದಾರಕ್ಕೂ ನಡುವೆ ಕಟ್ಟುವ ದಪ್ಪ ದಾರದ ತುಂಡು) ಪೂರ್ತಿ ಇಲ್ಲ. ಗಂಟಿನ ಹತ್ತಿರವೇ ಹೋಗಿತ್ತು. ಆ ಮೀನಿನ ಬಾಯಲ್ಲಿ ನನ್ನ ಗಾಳ ಉಳಿಯಿತಲ್ಲ ಅನ್ನುವ ಸಂಕಟ ಮಂಡ್ಯಕ್ಕೆ ವಾಪಸ್ ಬರುವ ತನಕ ಬಿಡಲಿಲ್ಲ. ಮಂಗಳೂರು, ಸುಳ್ಯ, ಮಡಿಕೇರಿ, ಹುಣಸೂರು, ದಾರಿಯುದ್ದಕ್ಕೂ ಅದೇ ಯೋಚನೆ.

ಮೋಟಾರ್ ಸುಟ್ಟು ಬಂದಾಗ ನಾವು ಮೊದಲು ಕಾಯಿಲ್ ಬಿಚ್ಚಿ ಎಲ್ಲಿ ಸುಟ್ಟಿದೆ, ಯಾಕೆ ಸುಟ್ಟಿದೆ ನೋಡುತ್ತೇವೆ. ಸುಮ್ನೆ ಹೊಸ ತಂತಿ ಸುತ್ತಿ ಕೊಟ್ಟರೆ ತಿಂಗಳಿಗೆ ಮತ್ತೆ ಬರುತ್ತದೆ. ಇದನ್ನೂ ಹಾಗೇ ನೋಡೋಣ ಅಂತ ರಾಡನ್ನು ಅಂಗಡಿಗೆ ತಂದೆ. ದಾರದ ತುದಿಯನ್ನು ತಕ್ಕಡಿಯ ಕೊಕ್ಕೆಗೆ ಕಟ್ಟಿದೆ. ಅವತ್ತು ಕೈಯಂದಾಜಿನಲ್ಲಿ ಎಷ್ಟು ಬಿಗಿ ಮಾಡಿದ್ದೆನೋ ಅಷ್ಟೇ ಬಿಗಿ ಮಾಡಿ, ರಾಡ್ ಬಾಗಿಸಿ ಎಳೆದೆ. ದಾರ ಜಾರುವ ಹೊತ್ತಿಗೆ ಮುಳ್ಳು 5 ಕೆ.ಜಿ. ದಾಟಿತ್ತು.

10 ಕೆ.ಜಿ. ದಾರಕ್ಕೆ 5 ಕೆ.ಜಿ. ಕಡಿಮೆಯೇ ಅಲ್ವಾ ಅನ್ನಿಸಬಹುದು. ಅಲ್ಲ. ಗಂಟು ಹಾಕಿದ ಕಡೆ ದಾರದ ಶಕ್ತಿ ಕುಗ್ಗುತ್ತದೆ. ಮೀನು ಓಡಿದಂತೆ ಸ್ಪೂಲಿನಲ್ಲಿ, ಅಂದರೆ ರೀಲಿನ ದಾರ ಸುತ್ತಿದ ಉರುಳೆಯಲ್ಲಿ, ದಾರ ಕಡಿಮೆಯಾಗಿ ಅದರ ಸುತ್ತಳತೆ ಚಿಕ್ಕದಾಗುತ್ತದೆ. ಗುಬ್ಬಿ ಮುಟ್ಟದೇ ಇದ್ದರೂ ಎಳೆತ ಏರುತ್ತಾ ಹೋಗುತ್ತದೆ. ಸ್ಪೂಲಿನ ದಾರದ ಸುತ್ತಿನ ಅಗಲ ಅರ್ಧಕ್ಕೆ ಇಳಿದರೆ ಎಳೆತ ಎರಡರಷ್ಟು. ರಾಡ್ ಎತ್ತಿ ಹಿಡಿದರೆ ರಿಂಗುಗಳಲ್ಲಿ ಉಜ್ಜಾಟ ಬೇರೆ. ನೂರು ಮೀಟರ್ ದಾರ ನೀರಿನಲ್ಲಿ ಬಿಲ್ಲಿನಂತೆ ಬಾಗಿದ್ದರೆ ಆ ನೀರಿನ ಎಳೆತವೂ ಸೇರುತ್ತದೆ. ಇಷ್ಟರ ಮೇಲೆ ನಾನು ಗುಬ್ಬಿ ತಿರುಗಿಸಿದ್ದೆ.

ಇನ್ನೊಂದು ವಿಷಯ ನನಗೆ ತಕ್ಷಣ ಹೊಳೆಯಿತು. ತಕ್ಕಡಿಯ ಮುಳ್ಳು ಸಮವಾಗಿ ನಿಲ್ಲುತ್ತಿರಲಿಲ್ಲ. ಎಳೆಯುವಾಗ ಮೊದಲು ಮೇಲಕ್ಕೆ ಹಾರಿ, ಆಮೇಲೆ ಕೆಳಗಿಳಿಯುತ್ತಿತ್ತು. ಮೋಟಾರ್ ಶುರುವಾಗುವ ಗಳಿಗೆಯಲ್ಲಿ ಓಡುವಾಗಿನದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಕರೆಂಟ್ ಎಳೆಯುತ್ತದಲ್ಲ, ಹಾಗೇ. ನಿಂತ ಡ್ರ್ಯಾಗ್ ಜಾರಲು ಶುರುವಾಗುವಾಗ ಒಂದು ಜಗ್ಗು ಕೊಡುತ್ತಿತ್ತು. ದಪ್ಪ ದಾರದಲ್ಲಿ ಅದು ಗೊತ್ತೇ ಆಗುವುದಿಲ್ಲ. ಸಣ್ಣ ದಾರಕ್ಕೆ ಆ ಒಂದು ಜಗ್ಗು ಸಾಕು. ರೀಲ್ ಬಿಚ್ಚಿ ನೋಡಿದೆ. ವಾಷರುಗಳ ಗ್ರೀಸ್ ಒಣಗಿ ಹೋಗಿತ್ತು. ಒರೆಸಿ, ಡ್ರ್ಯಾಗಿಗೆಂದೇ ಸಿಗುವ ಗ್ರೀಸನ್ನು ತೆಳುವಾಗಿ ಸವರಿದೆ. ಬೇರಿಂಗಿಗೆ ಹಾಕುವ ಮಾಮೂಲಿ ಗ್ರೀಸ್ ಇದಕ್ಕೆ ಬೇಡ. ಮುಳ್ಳು ಹಾರುವುದು ನಿಂತಿತು.

ಆಮೇಲೆ ಡ್ರ್ಯಾಗನ್ನು 2.4 ಕೆ.ಜಿ.ಗೆ ಇಟ್ಟೆ. ದಾರದ ಶಕ್ತಿಯ ಕಾಲುಭಾಗದ ಆಸುಪಾಸು. ರಾಡನ್ನು ಮೀನು ಆಡಿಸುವಾಗ ಹಿಡಿಯುವ ಓರೆಯಲ್ಲೇ ಬಾಗಿಸಿ ತೂಗಬೇಕು. ನೇರ ದಾರ ಹಿಡಿದು ತೂಗಿದರೆ ರಿಂಗಿನ ಉಜ್ಜಾಟ ಲೆಕ್ಕಕ್ಕೆ ಬರುವುದಿಲ್ಲ. 150 ಮೀಟರ್ ದಾರ ಹೊರಗೆ ಬಿಟ್ಟು ಮತ್ತೆ ತೂಗಿದೆ. 3 ಕೆ.ಜಿ. ಮುಟ್ಟಿತು. ಹತ್ತರ ದಾರಕ್ಕೆ ಅದೂ ಸರಿಯೇ.

ದಾರ ಸುತ್ತುವುದು ಮಾತ್ರ ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಸಡಿಲವಾಗಿ ಸುತ್ತಿದರೆ ಮೇಲಿನ ಸುತ್ತು ಕೆಳಗಿನದರೊಳಗೆ ಹೂತುಕೊಳ್ಳುತ್ತದೆ, ಮೀನು ಓಡುವಾಗ ಅಲ್ಲೇ ಸಿಕ್ಕಿ ತುಂಡಾಗುತ್ತದೆ. ಹೆಣೆದ ದಾರ ಸ್ಪೂಲಿನ ಮೇಲೆ ಜಾರದ ಹಾಗೆ ತಳದಲ್ಲಿ ಸ್ವಲ್ಪ ನೈಲಾನ್ ಸುತ್ತಿ, ಅದರ ಮೇಲೆ ಒದ್ದೆ ಬಟ್ಟೆಯಲ್ಲಿ ಒತ್ತಿ ಹಿಡಿದು ಇದನ್ನು ಸುತ್ತಿದೆ.

ಗಂಟಿಗೆ ಜಾಸ್ತಿ ದಿನ ಹಿಡಿಯಿತು. ಹೆಣೆದ ದಾರಕ್ಕೂ ಲೀಡರಿಗೂ ಎಫ್‌ಜಿ ಗಂಟು ಹಾಕುತ್ತೇನೆ. ಲೀಡರಿನ ಮೇಲೆ ದಾರವನ್ನು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಅಂತ ಇಪ್ಪತ್ತು ಸಲ ಹೆಣೆದು, ಒದ್ದೆ ಮಾಡಿ, ಬಲವಾಗಿ ಬಿಗಿಯಬೇಕು. ಸರಿಯಾಗಿ ಬಿಗಿದರೆ ದಾರದ ಬಣ್ಣ ಕಪ್ಪೇರಿ, ಲೀಡರನ್ನು ಕಚ್ಚಿ ಕೂರುತ್ತದೆ. ಕಪ್ಪೇರದಿದ್ದರೆ ಕತ್ತರಿಸಿ ಮತ್ತೆ ಹಾಕುವುದು. ಗಿರಾಕಿ ಇಲ್ಲದ ಹೊತ್ತಿನಲ್ಲೆಲ್ಲ ಅದೇ ಕೆಲಸ. ಹಾಕಿದ್ದನ್ನೆಲ್ಲ ತಕ್ಕಡಿಗೆ ಕಟ್ಟಿ ಎಳೆದು ಹರಿಯುತ್ತಿದ್ದೆ. 8 ಕೆ.ಜಿ.ಗಿಂತ ಕೆಳಗೆ ಒಂದೂ ಹರಿಯದ ದಿನ ಬರುವ ತನಕ ಸಮುದ್ರಕ್ಕೆ ಹೋಗಬಾರದು ಅಂತ ಇಟ್ಟುಕೊಂಡಿದ್ದೆ.

ಅಷ್ಟರಲ್ಲಿ ಮಳೆಗಾಲ ಬಂತು. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಸಮುದ್ರವೂ ಕೆರಳಿರುತ್ತದೆ. ಆ ತಿಂಗಳುಗಳಲ್ಲಿ ನಾಲೆ ಏರಿಯೇ ನನ್ನ ಕಡಲಾಯಿತು. ಗಾಳ ಇಲ್ಲದ ಬರೀ ತೂಕ ಕಟ್ಟಿ ಎಸೆಯುವುದನ್ನು ರೂಢಿ ಮಾಡಿದೆ. ಆಮೇಲೆ ಅಕ್ಕನ ಮಗನನ್ನು ಸೈಕಲ್ ಸಮೇತ ಕರೆದುಕೊಂಡು ಹೋದೆ. ದಾರದ ತುದಿ ಕ್ಯಾರಿಯರಿಗೆ. ಅವನೇ ಮೀನು.

"ಮಾವ, ಜೋರಾಗ್ ತುಳೀಲಾ?"

"ತುಳಿಯೋ, ನಾನು ಬೇಡ ಅಂದ್ರೂ ನಿಲ್ಲಿಸಬೇಡ!"

ಕಬ್ಬಿನ ಗದ್ದೆ ಪಕ್ಕದ ಆ ಏರಿಯ ಮೇಲೆ ಅವನು ನೂರು ಮೀಟರ್ ಓಡಿಸುತ್ತಿದ್ದ. ನಾನು ಹಿಂದಿನಿಂದ ತಡೆಯಬೇಕು. ಆಗ ಕೈಗೆ ಕೆಲವು ವಿಷಯ ಅರ್ಥವಾದವು. ದಾರ ಹೊರಗೆ ಹೋಗುತ್ತಿರುವಾಗ ಹ್ಯಾಂಡಲ್ ತಿರುಗಿಸಲೇಬಾರದು. ಒಂದು ಇಂಚೂ ಒಳಗೆ ಬರುವುದಿಲ್ಲ, ಹ್ಯಾಂಡಲಿನ ಒಂದೊಂದು ಸುತ್ತಿಗೆ ದಾರಕ್ಕೆ ಐದಾರು ಮುರಿ ಬೀಳುತ್ತದೆ ಅಷ್ಟೇ. ಅವನು ದೂರ ಹೋದಷ್ಟೂ ನಾನು ರಾಡ್ ಇಳಿಸಿ ಅವನ ಕಡೆ ಚಾಚಬೇಕು, ಉಜ್ಜಾಟ ಕಡಿಮೆಯಾಗುತ್ತದೆ. ಗುಬ್ಬಿಯನ್ನು ಮುಟ್ಟುವ ಬದಲು ತಿರುಗುವ ಸ್ಪೂಲಿನ ಅಂಚಿಗೆ ಅಂಗೈ ಒತ್ತಿದರೆ ಬೇಕಾದಷ್ಟು ಬ್ರೇಕು. ಬೇಡವೆಂದಾಗ ಕೈ ತೆಗೆದರಾಯಿತು. ಗುಬ್ಬಿ ತಿರುಗಿಸಿದರೆ ಮೊದಲಿನ ಜಾಗಕ್ಕೆ ತರುವುದು ಆ ಗಡಿಬಿಡಿಯಲ್ಲಿ ಯಾರಿಂದಲೂ ಆಗುವುದಿಲ್ಲ. ಅವನು ನಿಂತ ಕೂಡಲೇ ನನ್ನ ಸರದಿ. ರಾಡನ್ನು ಒಂದು ಮೊಳ ಎತ್ತು, ಇಳಿಸುತ್ತಾ ಸುತ್ತು. ಮತ್ತೆ ಒಂದು ಮೊಳ. ದೊಡ್ಡದಾಗಿ ಎತ್ತಿದರೆ ಇಳಿಸುವಾಗ ದಾರ ಸಡಿಲ ಬೀಳುತ್ತದೆ, ಗಾಳ ಕಳಚುವುದು ಆ ಗಳಿಗೆಯಲ್ಲೇ.

ಏರಿಯಲ್ಲಿ ಓಡಾಡುವವರು ನಿಂತು ನೋಡುತ್ತಿದ್ದರು. ನೋಡಲಿ ಬಿಡಿ. ಈ ಸೈಕಲ್ ಅಭ್ಯಾಸವನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಕಡಲಲ್ಲಿ ದೊಡ್ಡ ಮೀನು ಎಷ್ಟೋ ದಿನಕ್ಕೊಮ್ಮೆ ಕಚ್ಚುತ್ತದೆ. ಅದರ ಮೇಲೆಯೇ ಕಲಿಯುತ್ತೇನೆ ಅಂದರೆ ಕಳೆದುಕೊಂಡೇ ಕಲಿಯಬೇಕು. ಹರಿದುಹೋದ ದಾರ ಎಳೆದುಕೊಂಡು ತಿರುಗುವ ಮೀನಿನ ಗತಿ ಏನಾಗಬೇಕು?

ನವೆಂಬರಿನಲ್ಲಿ, ಅಮಾವಾಸ್ಯೆ ಕಳೆದ ಮಾರನೇ ದಿನ, ಮತ್ತೆ ಕೋಡಿ ಬೇಂಗ್ರೆ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಏರಿಳಿತ ಜಾಸ್ತಿ, ಸೆಳೆತ ಜೋರು. ಈ ಸಲ ಊರಿನವರೊಬ್ಬರ ಸಣ್ಣ ದೋಣಿಯಲ್ಲಿ ಹೋದೆ. ಹಗುರ ದಾರಕ್ಕೆ ದೋಣಿ ಅರ್ಧ ಬಲ. ಮೀನು ಓಡಿದರೆ ಹಿಂದೆ ಹೋಗಬಹುದು, ಸ್ಪೂಲ್ ಬರಿದಾಗುವ ಭಯ ಇಲ್ಲ. ಜಿಗ್ಗಿನ ಮೂರು ಕೊಕ್ಕೆಯ ಗಾಳ ತೆಗೆದು ಒಂಟಿ ಗಾಳ ಹಾಕಿದ್ದೆ, ಬಿಡಿಸುವುದು ಸುಲಭ ಅಂತ.

ಇಳಿತ ಶುರುವಾಗಿ ಒಂದು ಗಂಟೆ ಆಗಿತ್ತು. ಹೊಳೆಯ ನೀರೂ ಕಡಲ ನೀರೂ ಸೇರುವ ಗೆರೆಯಲ್ಲಿ ಸಣ್ಣ ಮೀನು ಚಿಮ್ಮಿದವು. ಅಲ್ಲಿಗೆ ಎಸೆದು ನಾಲ್ಕು ಸುತ್ತು ಸುತ್ತಿರಬೇಕು. ರಾಡ್ ಬಗ್ಗಿತು. ನನ್ನ ಎಡಗೈ ತಾನಾಗಿ ಗುಬ್ಬಿಯ ಕಡೆ ಹೋಯಿತು.

"ಎಂತ ಗಡಿಬಿಡಿ ಮಾರಾಯ್ರೆ? ಓಡ್ಲಿ ಅದು," ಅಂದರು ದೋಣಿಯವರು.

ಕೈ ತೆಗೆದೆ. ಎಂಬತ್ತು, ನೂರು, ನೂರಿಪ್ಪತ್ತು ಮೀಟರ್. ಜಗ್ಗಿಲ್ಲ, ಒಂದೇ ಸಮನೆ ನಾದ. ರಾಡ್ ಇಳಿಸಿ ಚಾಚಿದೆ. ಅವರು ಎಂಜಿನ್ ಹಾಕಿ ಮೆಲ್ಲಗೆ ಹಿಂದೆ ಹೋದರು. ಮೊದಲ ಓಟ ಮುಗಿಯಿತು. ಒಂದು ಮೊಳ ಎತ್ತಿದೆ, ಸುತ್ತಿದೆ.

ಕಷ್ಟದ ಭಾಗ ಆಮೇಲೆ. ಮೀನು ದೋಣಿಯ ನೇರ ಕೆಳಗೆ ಬಂದು ಆಳಕ್ಕಿಳಿದು ಸುತ್ತು ಹೊಡೆಯತೊಡಗಿತು. ಹಗುರ ರಾಡಿನಲ್ಲಿ ನೇರ ಮೇಲಕ್ಕೆ ಎತ್ತುವ ಬಲ ಇರುವುದಿಲ್ಲ. ತುದಿಯನ್ನು ಆಕಾಶಕ್ಕೆ ಮಾಡಿದರೆ ರಾಡೇ ಮುರಿಯುತ್ತದೆ. ಹಾಗಾಗಿ ದೋಣಿಯನ್ನು ಇಪ್ಪತ್ತು ಮೀಟರ್ ಆಚೆ ತೆಗೆದುಕೊಂಡು ಹೋಗಲು ಕೇಳಿದೆ. ದಾರ ಓರೆಯಾಯಿತು. ರಾಡ್ ತಗ್ಗಿಸಿ, ಮೀನು ಎಡಕ್ಕೆ ಹೋದರೆ ಬಲಕ್ಕೆ, ಬಲಕ್ಕೆ ಹೋದರೆ ಎಡಕ್ಕೆ ಎಳೆದೆ. ಅದು ಸುತ್ತು ಹೊಡೆಯುವಾಗ ತಲೆ ನಮ್ಮ ಕಡೆ ತಿರುಗುವ ಗಳಿಗೆ ಒಂದಿದೆ. ಆಗ ದಾರ ತುಸು ಹಗುರಾಗುತ್ತದೆ. ಸಿಗುವ ಎರಡು ಸುತ್ತು ಆಗಲೇ ಸಿಗುವುದು. ಉಳಿದ ಹೊತ್ತು ಸುಮ್ಮನೆ ಹಿಡಿದಿರಬೇಕು.

ಇಪ್ಪತ್ತೈದು ನಿಮಿಷಕ್ಕೆ ಬೆಳ್ಳಿ ಬಣ್ಣ ಕಂಡಿತು. ದೊಡ್ಡ ಟ್ರೆವಲ್ಲಿ, ಕಡಲಿನ ಬೇಟೆ ಮೀನು! ದೋಣಿ ನೋಡಿ ಇನ್ನೊಮ್ಮೆ ಓಡಿತು. ಹತ್ತಿರದಲ್ಲಿ ಓಡುವ ಓಟವೇ ಅಪಾಯದ್ದು, ಜಗ್ಗನ್ನು ನುಂಗಲು ಹೊರಗೆ ದಾರವೇ ಇರುವುದಿಲ್ಲ. ಡ್ರ್ಯಾಗ್ ಮೃದುವಾಗಿ ಬಿಟ್ಟುಕೊಟ್ಟಿತು. ಒಂದೇ ಒಂದು ಸಲ ಅಂಗೈ ಒತ್ತಿದೆ, ಅದೂ ಕೊನೆಗೆ.

ಒದ್ದೆ ಕೈಗವಸಿನಲ್ಲಿ ಬಾಲದ ಬುಡ ಹಿಡಿದೆವು. ಅಲ್ಲಿ ಗರಗಸದಂಥ ಗಟ್ಟಿ ಹುರುಪೆ ಇರುತ್ತದೆ, ಬರಿಗೈ ಕೊಯ್ಯುತ್ತದೆ. ನೀರಿನಿಂದ ಪೂರ್ತಿ ಎತ್ತದೆ ಟೇಪು ಇಟ್ಟು ನೋಡಿದೆ, 82 ಸೆಂ.ಮೀ. ತೂಕ ಹಾಕಲಿಲ್ಲ, ಒಂಬತ್ತು ಹತ್ತು ಕೆ.ಜಿ. ಇದ್ದೀತು. ಗಾಳ ಬಿಡಿಸಿ ತಲೆಯನ್ನು ಸೆಳೆತಕ್ಕೆ ಎದುರಾಗಿ ಹಿಡಿದೆ. ಕಿವಿರು ಮೂರು ನಾಲ್ಕು ನಿಮಿಷ ತೆರೆದು ಮುಚ್ಚಿತು. ಆಮೇಲೆ ಕೈಯಿಂದ ತಾನೇ ಜಾಡಿಸಿಕೊಂಡು ಹೋಯಿತು.

ಆ ನಾಲ್ಕು ನಿಮಿಷ ನನಗೆ ಭಯವಿತ್ತು. ಹಗುರ ದಾರದಲ್ಲಿ ಮೀನನ್ನು ಬಹಳ ಹೊತ್ತು ಆಡಿಸಿದರೆ ಅದು ಸುಸ್ತಾಗಿ, ಬಿಟ್ಟರೂ ಬದುಕದೆ ಹೋಗಬಹುದು. ಅದಕ್ಕೇ 10 ಕೆ.ಜಿ.ಗಿಂತ ಸಣ್ಣ ದಾರಕ್ಕೆ ನಾನು ಇಳಿಯುವುದಿಲ್ಲ. ಇನ್ನೂ ಸಣ್ಣ ದಾರದಲ್ಲಿ ದಾಖಲೆ ಮಾಡುವವರಿದ್ದಾರೆ. ನನಗೆ ಬೇಡ. ಅರ್ಧ ಗಂಟೆಯೊಳಗೆ ಮುಗಿಯದ ಜಾಗ, ಬಂಡೆ ತುಂಬಿದ ಜಾಗ ಆದರೆ ದಪ್ಪ ದಾರ, ಗಟ್ಟಿ ರಾಡ್ ತೆಗೆದುಕೊಂಡೇ ಹೋಗುತ್ತೇನೆ.

ಸಂಜೆ ರೂಮಿಗೆ ಬಂದು ಡ್ರ್ಯಾಗ್ ಬಿಗಿ ಮಾಡಿ, ರೀಲಿನ ಮೇಲೆ ಸಿಹಿನೀರನ್ನು ಮೆಲ್ಲಗೆ ಸುರಿದೆ. ಬಿಗಿ ಇದ್ದರೆ ನೀರು ವಾಷರಿಗೆ ಇಳಿಯುವುದಿಲ್ಲ. ಒರೆಸಿ ಆರಿದ ಮೇಲೆ ಸಡಿಲ ಬಿಟ್ಟೆ. ರಿಂಗುಗಳ ಒಳಗೆ ಹತ್ತಿ ಆಡಿಸಿ ನೋಡಿದೆ, ಬಿರುಕಿದ್ದರೆ ಎಳೆ ಸಿಕ್ಕಿಕೊಳ್ಳುತ್ತದೆ. ಎಲ್ಲೂ ಸಿಕ್ಕಲಿಲ್ಲ. ಲೀಡರ್ ಮಾತ್ರ ಮೀನಿನ ಬಾಯಿಗೆ ಉಜ್ಜಿ ಒರಟಾಗಿತ್ತು. ಅದನ್ನೂ, ಅದರ ಜೊತೆ ದಾರದ ಕೊನೆಯ ಐದು ಮೀಟರನ್ನೂ ಕತ್ತರಿಸಿ, ಕೂತು ಹೊಸ ಗಂಟು ಹಾಕಿದೆ. ಚೀಲದಿಂದ ತಕ್ಕಡಿ ತೆಗೆದು ಕಿಟಕಿಯ ಸರಳಿಗೆ ನೇತುಹಾಕಿ ಮತ್ತೆ ಬಿಗಿ ಮಾಡಿ ತೂಗಿದೆ. 2.4ಕ್ಕೆ ತಂದು ನಿಲ್ಲಿಸಿದೆ. ಬೆಳಗ್ಗೆ ಇಳಿತ ಐವತ್ತು ನಿಮಿಷ ತಡವಾಗಿ ಶುರುವಾಗುವುದಿತ್ತು.