ಷೇರಿನಲ್ಲಿ ಸಂಬಳ ಬರುವ ಮನೆ: ನಾವು ಲೆಕ್ಕ ಇಡುವ ರೀತಿ

ಬೆಂಗಳೂರಿನಲ್ಲಿ ಗಂಡ ಹೆಂಡತಿ ಇಬ್ಬರೂ ಸಾಫ್ಟ್‌ವೇರ್ ಕೆಲಸದಲ್ಲಿದ್ದು, ಒಬ್ಬರಾದರೂ ಅಮೆರಿಕದ ದೊಡ್ಡ ಕಂಪನಿಯಲ್ಲಿದ್ದರೆ, ಆದಾಯದ ದೊಡ್ಡ ಪಾಲು ತಿಂಗಳ ಸಂಬಳವಾಗಿ ಬರುವುದಿಲ್ಲ. ಆರ್‌ಎಸ್‌ಯು ರೂಪದಲ್ಲಿ, ಅಂದರೆ ಕಂಪನಿಯ ಷೇರಾಗಿ, ಮೂರು ತಿಂಗಳಿಗೋ ಆರು ತಿಂಗಳಿಗೋ ಒಮ್ಮೆ ಬರುತ್ತದೆ. ಆಫರ್ ಲೆಟರ್‌ನಲ್ಲಿ ಮಾತ್ರ ಎರಡನ್ನೂ ಕೂಡಿಸಿ ಒಂದೇ ಮೊತ್ತ ಬರೆದಿರುತ್ತಾರೆ. ಮನೆ ಕೊಳ್ಳುವಾಗ, ಮಕ್ಕಳ ಸ್ಕೂಲು ನೋಡುವಾಗ ಆ ಮೊತ್ತವೇ ತಲೆಯಲ್ಲಿ ಕೂತಿರುತ್ತದೆ. ಕೋಟಿಗಟ್ಟಲೆ ಆದಾಯವಿದ್ದೂ ತಿಂಗಳ ಕೊನೆಗೆ ಕೈ ಕಟ್ಟಿಹೋಗುವುದು ಇದರಿಂದಲೇ.

ನಮ್ಮ ಮನೆಯ ನಿಯಮ ಒಂದೇ: ತಿಂಗಳು ತಿಂಗಳೂ ಕಟ್ಟಬೇಕಾದ ಯಾವ ಖರ್ಚನ್ನೂ ಷೇರಿನ ದುಡ್ಡಿನ ಮೇಲೆ ನಿಲ್ಲಿಸುವುದಿಲ್ಲ. ಇಎಂಐ, ಸ್ಕೂಲ್ ಫೀ, ಮನೆಕೆಲಸದವರ ಸಂಬಳ, ಮೇಂಟೆನೆನ್ಸ್ ಎಲ್ಲಕ್ಕೂ ಕೈಗೆ ಬರುವ ಸಂಬಳವೇ ಸಾಕಾಗಬೇಕು. ಷೇರಿನ ದುಡ್ಡು ಒಮ್ಮೆ ಮಾಡಿ ಮುಗಿಸುವ ಕೆಲಸಗಳಿಗೆ ಮಾತ್ರ: ಸಾಲದ ಅಸಲು, ಮ್ಯೂಚುವಲ್ ಫಂಡ್, ಮಕ್ಕಳ ಕಾಲೇಜು, ಅಪ್ಪ ಅಮ್ಮನ ಹೆಸರಿನ ಠೇವಣಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಷೇರಿನ ಬೆಲೆ ಬೀಳುವುದೂ ಕೆಲಸ ಹೋಗುವುದೂ ಒಟ್ಟಿಗೇ ಬರುವ ಕಷ್ಟಗಳು. 2022ರಲ್ಲಿ ಮೆಟಾ (ಫೇಸ್‌ಬುಕ್‌ನ ಒಡೆಯ ಕಂಪನಿ) ಷೇರು ಶೇ 60ಕ್ಕೂ ಹೆಚ್ಚು ಬಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ ಆ ಕಂಪನಿ ಸುಮಾರು 11,000 ಜನರನ್ನು ತೆಗೆಯಿತು. ಬೆಲೆ ಬೀಳದಿದ್ದರೂ ಇನ್ನೊಂದು ಸಂಗತಿ ಇದೆ. ಸೇರುವಾಗ ಕೊಟ್ಟ ಷೇರು ಸಾಮಾನ್ಯವಾಗಿ ನಾಲ್ಕು ವರ್ಷಕ್ಕೆ ಹಂಚಿರುತ್ತದೆ. ಐದನೇ ವರ್ಷ ಅದು ನಿಂತು, ನಡುವೆ ಕೊಟ್ಟ ಹೊಸ ಷೇರು ಮಾತ್ರ ಉಳಿಯುತ್ತದೆ. ಆ ವರ್ಷ ಒಟ್ಟು ಆದಾಯ ದಿಢೀರನೆ ಇಳಿಯಬಹುದು, ಇಎಂಐ ಮಾತ್ರ ಇಳಿಯುವುದಿಲ್ಲ.

ಲೆಕ್ಕ ಅಂಕಿಯಲ್ಲೇ ನೋಡೋಣ. ಇಲ್ಲಿನ ತೆರಿಗೆ ದರ, ನಿಯಮ, ಫಾರ್ಮ್‌ಗಳ ಹೆಸರು ಎಲ್ಲ 2025-26 ಹಣಕಾಸು ವರ್ಷದವು, ಹೊಸ ತೆರಿಗೆ ಪದ್ಧತಿಯವು. ಒಬ್ಬರಿಗೆ ಸಂಬಳ 90 ಲಕ್ಷ, ವರ್ಷಕ್ಕೆ ವೆಸ್ಟ್ ಆಗುವ (ಅಂದರೆ ನಿಜವಾಗಿ ನಮ್ಮ ಹೆಸರಿಗೆ ಬರುವ) ಷೇರು 1.5 ಕೋಟಿ ಅಂದುಕೊಳ್ಳಿ. ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೆ 2,39,25,000. ಮೊದಲ 24 ಲಕ್ಷಕ್ಕೆ 3 ಲಕ್ಷ ತೆರಿಗೆ, ಉಳಿದದ್ದಕ್ಕೆ ಶೇ 30. ಆದಾಯ 2 ಕೋಟಿ ದಾಟಿದ್ದರಿಂದ ಆ ತೆರಿಗೆಯ ಮೇಲೆ ಮತ್ತೆ ಶೇ 25 ಸರ್‌ಚಾರ್ಜ್, ಆಮೇಲೆ ಶೇ 4 ಸೆಸ್. ಎಲ್ಲ ಸೇರಿ 87,84,750 ರೂಪಾಯಿ. ಷೇರು ಇಲ್ಲದೆ ಬರೀ 90 ಲಕ್ಷ ಸಂಬಳವಿದ್ದಿದ್ದರೆ ತೆರಿಗೆ ಸುಮಾರು 25.83 ಲಕ್ಷ. ಅಂದರೆ 1.5 ಕೋಟಿಯ ಷೇರಿನಿಂದಾಗಿ ಹೆಚ್ಚಾದ ತೆರಿಗೆ 62 ಲಕ್ಷ, ಶೇ 41ಕ್ಕೂ ಸ್ವಲ್ಪ ಮೇಲೆ. ಎಲ್ಲರ ಬಾಯಲ್ಲಿರುವ ಗರಿಷ್ಠ ದರ ಶೇ 39. ಆದರೆ ಸರ್‌ಚಾರ್ಜ್ ಇಡೀ ಆದಾಯದ ತೆರಿಗೆಯ ಮೇಲೆ ಬೀಳುವುದರಿಂದ, ಷೇರು ಬಂದಾಗ ಸಂಬಳದ ಭಾಗದ ತೆರಿಗೆಯೂ ಏರುತ್ತದೆ. ಕಂಪನಿ ಷೇರಿನಲ್ಲಿ ಶೇ 39 ಮಾತ್ರ ಮಾರಿ ತೆರಿಗೆಗೆ ಹಿಡಿದರೆ, ಉಳಿದ ಮೂರೂವರೆ ಲಕ್ಷ ಪೇಸ್ಲಿಪ್‌ನಿಂದಲೇ ಹೋಗುತ್ತದೆ. ಪಿಎಫ್ ಕಳೆದ ಮೇಲೆ ತಿಂಗಳಿಗೆ ಸುಮಾರು 5 ಲಕ್ಷ ಬರಬೇಕಿದ್ದ ಕಡೆ 4.7 ಲಕ್ಷ ಬರುತ್ತದೆ. ಬಜೆಟ್‌ಗೆ ನಾವು ಹಿಡಿಯುವುದು ಈ ಕಡಿಮೆ ಅಂಕಿಯನ್ನೇ.

2 ಕೋಟಿಯ ಗಡಿಯನ್ನು ಪ್ರತ್ಯೇಕವಾಗಿ ಗಮನಿಸಬೇಕು. ಅಲ್ಲಿ ಸರ್‌ಚಾರ್ಜ್ ಶೇ 15ರಿಂದ 25ಕ್ಕೆ ಹಾರುತ್ತದೆ. ಮಾರ್ಜಿನಲ್ ರಿಲೀಫ್ ಇರುವುದರಿಂದ ದಾಟಿದ್ದಕ್ಕಿಂತ ಹೆಚ್ಚು ಕಟ್ಟುವಂತಾಗುವುದಿಲ್ಲ, ಸೆಸ್ ಮಾತ್ರ ಹೊರತು. ಆದರೂ ಗಡಿ ದಾಟಿದ ಮೊದಲ 8.9 ಲಕ್ಷದಷ್ಟು ಪೂರ್ತಿ ತೆರಿಗೆಗೇ ಹೋಗುತ್ತದೆ. ಡಿವಿಡೆಂಡ್ ಮತ್ತು ದೀರ್ಘಾವಧಿ ಲಾಭ ಈ ಶೇ 25ರ ಗಡಿಯ ಎಣಿಕೆಗೆ ಸೇರುವುದಿಲ್ಲ. ಎಫ್‌ಡಿ ಬಡ್ಡಿ, ಬಾಡಿಗೆ, ವಿದೇಶಿ ಷೇರಿನ ಅಲ್ಪಾವಧಿ ಲಾಭ (24 ತಿಂಗಳೊಳಗೆ ಮಾರಿದ್ದು) ಸೇರುತ್ತವೆ. ಸಂಬಳ ಮತ್ತು ಷೇರು ಸೇರಿ 1.95 ಕೋಟಿಯ ಆಸುಪಾಸು ಬರುವ ವರ್ಷ, 24 ತಿಂಗಳು ತುಂಬದ ಷೇರನ್ನು ಲಾಭದಲ್ಲಿ ಮಾರುವುದನ್ನು ಏಪ್ರಿಲ್‌ಗೆ ಮುಂದೂಡುವುದು ಒಳ್ಳೆಯದು.

ಪಿಎಫ್, ಎನ್‌ಪಿಎಸ್ (ನಿವೃತ್ತಿಗೆಂದು ಕೂಡಿಡುವ ಪಿಂಚಣಿ ಯೋಜನೆ) ವಿಷಯದಲ್ಲೂ ಹೆಚ್ಚು ಹಾಕಿದಷ್ಟೂ ಒಳ್ಳೆಯದು ಅನ್ನುವ ಹಾಗಿಲ್ಲ. ಕಂಪನಿಯ ಕಡೆಯಿಂದ ಪಿಎಫ್, ಎನ್‌ಪಿಎಸ್ ಎಲ್ಲ ಸೇರಿ ವರ್ಷಕ್ಕೆ 7.5 ಲಕ್ಷ ದಾಟಿದರೆ, ದಾಟಿದ್ದಕ್ಕೆ ತೆರಿಗೆ. ಬೇಸಿಕ್ (ಮೂಲ ವೇತನ) 36 ಲಕ್ಷವಿದ್ದರೆ ಶೇ 12 ಪಿಎಫ್ 4.32 ಲಕ್ಷ, ಶೇ 14 ಎನ್‌ಪಿಎಸ್ 5.04 ಲಕ್ಷ, ಒಟ್ಟು 9.36 ಲಕ್ಷ. ಹಾಗಾಗಿ ಎನ್‌ಪಿಎಸ್ ಅನ್ನು 3.18 ಲಕ್ಷಕ್ಕೆ ನಿಲ್ಲಿಸಿದರೆ ಪೂರ್ತಿ ಲಾಭ ಸಿಗುತ್ತದೆ. ಇದಕ್ಕೂ ಮೇಲೆ ಹಾಕಿದರೆ ದುಡ್ಡು ದಶಕಗಳ ಕಾಲ ಸಿಕ್ಕಿಹಾಕಿಕೊಳ್ಳುವುದು ಬಿಟ್ಟು ಇನ್ನೇನೂ ಸಿಗುವುದಿಲ್ಲ.

ವರ್ಷದ ನಡುವೆ ಕೆಲಸ ಬದಲಿಸಿದವರು ಹಳೆಯ ಕಂಪನಿಯ ಸಂಬಳ, ತೆರಿಗೆ ವಿವರದ ಫಾರ್ಮ್ 12ಬಿ ತುಂಬಿ ಹೊಸ ಕಂಪನಿಗೆ ಕೊಡಲೇಬೇಕು. ಕೊಡದಿದ್ದರೆ ಎರಡೂ ಕಂಪನಿಗಳು ತಮ್ಮ ಪಾಲಿನ ಸಂಬಳವನ್ನಷ್ಟೇ ನೋಡಿ, ಎರಡೂ ಕಡೆ ಕೆಳಗಿನ ಸ್ಲ್ಯಾಬ್ ಲೆಕ್ಕ ಹಾಕಿ, ಕಡಿಮೆ ಸರ್‌ಚಾರ್ಜ್ ಹಿಡಿದಿರುತ್ತವೆ. ಜುಲೈನಲ್ಲಿ ಎರಡು ಫಾರ್ಮ್ 16 ಕೂಡಿಸಿದಾಗ ಹತ್ತಿಪ್ಪತ್ತು ಲಕ್ಷದ ಬಾಕಿ, ಅದರ ಮೇಲೆ ತಿಂಗಳಿಗೆ ಶೇ 1 ಬಡ್ಡಿ ಎದ್ದು ಬರುತ್ತದೆ. ಬಡ್ಡಿ, ಡಿವಿಡೆಂಡ್, ಷೇರು ಮಾರಿದ ಲಾಭಕ್ಕೆ ಅಡ್ವಾನ್ಸ್ ಟ್ಯಾಕ್ಸ್ ಅನ್ನು ಜೂನ್, ಸೆಪ್ಟೆಂಬರ್, ಡಿಸೆಂಬರ್, ಮಾರ್ಚ್ 15ರೊಳಗೆ ಕ್ರಮವಾಗಿ ಶೇ 15, 45, 75, 100ರಷ್ಟು ಕಟ್ಟಿರಬೇಕು. ಇದಕ್ಕೆಂದೇ ಬೇರೆ ಸೇವಿಂಗ್ಸ್ ಖಾತೆ ಇಟ್ಟಿದ್ದೇವೆ. ಅದರ ಡೆಬಿಟ್ ಕಾರ್ಡನ್ನಾಗಲಿ ಯುಪಿಐ ಅನ್ನಾಗಲಿ ಬಳಸುವುದಿಲ್ಲ.

ಈಗ ಷೇರು ವೆಸ್ಟ್ ಆದ ದಿನದ ಕೆಲಸ. ಅಂದೇ ಕೂತು ಶೀಟಿನಲ್ಲಿ ಒಂದು ಸಾಲು ಬರೆಯುತ್ತೇವೆ: ತಾರೀಕು, ಗ್ರ್ಯಾಂಟ್ ನಂಬರ್, ವೆಸ್ಟ್ ಆದ ಷೇರು, ಅಂದಿನ ಡಾಲರ್ ಬೆಲೆ, ಕಂಪನಿ ಬಳಸಿದ ರೂಪಾಯಿ ದರ, ತೆರಿಗೆಗೆ ಮಾರಿದ ಷೇರು, ಖಾತೆಗೆ ಬಂದ ಷೇರು. ವೆಸ್ಟ್ ದಿನದ ಬೆಲೆಯ ಮೇಲೆ ಸಂಬಳವೆಂದು ಆಗಲೇ ತೆರಿಗೆ ಕಟ್ಟಿರುತ್ತೇವೆ. ಮುಂದೆ ಮಾರುವಾಗ ಅದೇ ನಮ್ಮ ಕೊಂಡ ಬೆಲೆ. ಬ್ರೋಕರ್ ಕೊಡುವ ವರದಿಯಲ್ಲಿ ಕೆಲವು ಸಲ ಈ ಕೊಂಡ ಬೆಲೆ ಸೊನ್ನೆ ಅಂತಲೇ ಇರುತ್ತದೆ. ಅದನ್ನು ಹಾಗೇ ಆಡಿಟರ್‌ಗೆ ಕಳಿಸಿದರೆ ಒಂದೇ ದುಡ್ಡಿಗೆ ಎರಡು ಸಲ ತೆರಿಗೆ. ಮೂರು ವರ್ಷ ಕಳೆದು ಬ್ರೋಕರ್ ಬದಲಾದ ಮೇಲೆ ಹಳೆಯ ಕಾಗದ ಹುಡುಕುವುದು ಪ್ರಯಾಸ. ಅಂದಂದಿನ ಪಿಡಿಎಫ್ ಅಂದೇ ಇಳಿಸಿಕೊಳ್ಳುತ್ತೇವೆ.

ಖಾತೆಗೆ ಬಂದದ್ದನ್ನು ಕಂಪನಿಯ ಟ್ರೇಡಿಂಗ್ ವಿಂಡೋ (ನೌಕರರು ಷೇರು ಮಾರಬಹುದಾದ ಅವಧಿ) ತೆರೆದ ಕೂಡಲೇ ಮಾರುತ್ತೇವೆ. ಇನ್ನೂ ಏರುತ್ತದೆ ಕಾಯಿರಿ ಅನ್ನುವವರು ಬಹಳ. ನಮ್ಮ ಲೆಕ್ಕ ಬೇರೆ: ಅಷ್ಟೇ ದುಡ್ಡು ಬೋನಸ್ ಆಗಿ ಕೈಗೆ ಬಂದಿದ್ದರೆ ಅದರಲ್ಲಿ ನಮ್ಮದೇ ಕಂಪನಿಯ ಷೇರು ಕೊಳ್ಳುತ್ತಿದ್ದೆವಾ? ಇಲ್ಲ. ಸಂಬಳವೂ ಅಲ್ಲಿಂದಲೇ, ಮುಂದಿನ ಷೇರೂ ಅಲ್ಲಿಂದಲೇ ಬರಬೇಕಾಗಿರುವಾಗ ಉಳಿತಾಯವನ್ನೂ ಅಲ್ಲೇ ಬಿಡುವುದು ಸರಿಯಲ್ಲ. ಬೇಗ ಮಾರಿದರೆ ಲಾಭ ಸೊನ್ನೆಯ ಹತ್ತಿರ ಇರುತ್ತದೆ, ತೆರಿಗೆ ಲೆಕ್ಕವೂ ಸುಲಭ. ಇಟ್ಟುಕೊಂಡು 24 ತಿಂಗಳ ಮೇಲೆ ಮಾರಿದರೆ ಲಾಭಕ್ಕೆ ಶೇ 12.5, ಅದಕ್ಕೆ ಮುಂಚೆ ಮಾರಿದರೆ ನಮ್ಮ ಸ್ಲ್ಯಾಬ್ ದರ.

ಡಾಲರನ್ನು ಇಲ್ಲಿಗೆ ತರಿಸುವಾಗ ವೈರ್ ಶುಲ್ಕದ ಬಗ್ಗೆ ಎಲ್ಲರೂ ಕೇಳುತ್ತಾರೆ. ದೊಡ್ಡ ನಷ್ಟ ಆಗುವುದು ಬ್ಯಾಂಕ್ ಕೊಡುವ ದರದಲ್ಲಿ. 50,000 ಡಾಲರ್ ಬಂದಾಗ ಡಾಲರಿಗೆ ಒಂದು ರೂಪಾಯಿ ಕಡಿಮೆ ಕೊಟ್ಟರೆ 50,000 ರೂಪಾಯಿ ಹೋಯಿತು. ದುಡ್ಡು ಕಳಿಸುವ ಮೊದಲೇ ಬ್ರಾಂಚ್‌ಗೆ ಫೋನ್ ಮಾಡಿ, ಕಾರ್ಡ್ ರೇಟ್ (ಎಲ್ಲರಿಗೂ ಕೊಡುವ ದರ) ಬೇಡ, ಬ್ಯಾಂಕಿನ ಟ್ರೆಷರಿ ವಿಭಾಗದಿಂದ ರೇಟ್ ತೆಗೆಸಿಕೊಡಿ ಅಂತ ಕೇಳುತ್ತೇವೆ. ದೊಡ್ಡ ಮೊತ್ತಕ್ಕೆ ಸಾಮಾನ್ಯವಾಗಿ ಕೊಡುತ್ತಾರೆ. ಬಂದ ಮೇಲೆ ಇನ್‌ವರ್ಡ್ ರೆಮಿಟೆನ್ಸ್ ಪತ್ರ ಪಡೆದು ಅದೇ ಫೋಲ್ಡರಿಗೆ ಹಾಕುತ್ತೇವೆ.

ರಿಟರ್ನ್‌ನಲ್ಲಿ ಶೆಡ್ಯೂಲ್ ಎಫ್‌ಎ, ಅಂದರೆ ವಿದೇಶಿ ಆಸ್ತಿ ತೋರಿಸುವ ಭಾಗ, ಮರೆಯಬಾರದು. ಬೇರೆಲ್ಲ ಲೆಕ್ಕ ಏಪ್ರಿಲ್‌ನಿಂದ ಮಾರ್ಚ್, ಇದೊಂದು ಜನವರಿಯಿಂದ ಡಿಸೆಂಬರ್. ಬಂದ ಷೇರನ್ನು ಮರುದಿನವೇ ಮಾರಿದ್ದರೂ, ಆ ವರ್ಷ ಖಾತೆಯಲ್ಲಿ ಇದ್ದದ್ದರಿಂದ ತೋರಿಸಬೇಕು. 20 ಲಕ್ಷ ದಾಟಿದ ವಿದೇಶಿ ಷೇರು, ಖಾತೆಗಳನ್ನು ಬಿಟ್ಟರೆ ಕಪ್ಪುಹಣ ಕಾಯ್ದೆಯಲ್ಲಿ 10 ಲಕ್ಷ ದಂಡಕ್ಕೆ ಅವಕಾಶವಿದೆ, ತೆರಿಗೆ ಒಂದು ಪೈಸೆ ತಪ್ಪಿಸಿರದಿದ್ದರೂ. ಡಿವಿಡೆಂಡ್ ಬಂದರೆ ಅಮೆರಿಕದಲ್ಲಿ ಶೇ 25 ಹಿಡಿಯುತ್ತಾರೆ. ನಾವು ಅಮೆರಿಕದವರಲ್ಲ ಎಂದು ಬ್ರೋಕರ್‌ಗೆ ಕೊಡುವ ಡಬ್ಲ್ಯು-8ಬೆನ್ ಫಾರ್ಮ್‌ನ ಅವಧಿ ಮುಗಿದಿದ್ದರೆ ಶೇ 30. ಹಿಡಿದದ್ದನ್ನು ಇಲ್ಲಿನ ತೆರಿಗೆಯಲ್ಲಿ ಕಳೆಯಲು ಫಾರ್ಮ್ 67 ಹಾಕಬೇಕು.

ಬೇಗ ಮಾರುವುದಕ್ಕೆ ಇನ್ನೊಂದು ಕಾರಣ ಇದೆ, ಇದನ್ನು ಬಹಳ ಜನ ಗಮನಿಸಿಯೇ ಇಲ್ಲ. ಅಮೆರಿಕದ ಪ್ರಜೆಯೂ ನಿವಾಸಿಯೂ ಅಲ್ಲದವರು ತೀರಿಕೊಂಡಾಗ, ಅವರ ಹೆಸರಿನಲ್ಲಿ ಇರುವ ಅಮೆರಿಕದ ಷೇರು 60,000 ಡಾಲರ್ ಮೀರಿದರೆ ಅಲ್ಲಿನ ಎಸ್ಟೇಟ್ ತೆರಿಗೆ ಬೀಳುತ್ತದೆ. ದರ ಶೇ 40ರವರೆಗೂ ಹೋಗುತ್ತದೆ. ಭಾರತಕ್ಕೂ ಅಮೆರಿಕಕ್ಕೂ ಈ ತೆರಿಗೆಯ ಬಗ್ಗೆ ಒಪ್ಪಂದ ಇಲ್ಲ. ಮನೆಯಲ್ಲಿ ಉಳಿದವರು ಅಲ್ಲಿ ಪ್ರತ್ಯೇಕ ರಿಟರ್ನ್ ಹಾಕಿ, ಕ್ಲಿಯರೆನ್ಸ್ ಪತ್ರ ಬರುವವರೆಗೂ ಕಾಯಬೇಕಾಗುತ್ತದೆ. ದುಃಖದ ಹೊತ್ತಿನಲ್ಲಿ ಮನೆಯವರ ತಲೆಗೆ ಇಂಥ ಹೊರೆ ಹಾಕಬಾರದು. ಬ್ರೋಕರ್ ಖಾತೆಯಲ್ಲಿ ಆ ಮಿತಿಗಿಂತ ಕೆಳಗೇ ಇರುವಂತೆ ನೋಡಿಕೊಳ್ಳುತ್ತೇವೆ.

ಮಾರಿದ ದುಡ್ಡು ಮೊದಲು ಹೋಗುವುದು ಗೃಹಸಾಲಕ್ಕೆ. 2.5 ಕೋಟಿ ಸಾಲ, ಶೇ 8, 20 ವರ್ಷ ಅಂದರೆ ಇಎಂಐ ಸುಮಾರು 2.09 ಲಕ್ಷ. ಒಂದು ವರ್ಷ ಆದ ಮೇಲೆ 25 ಲಕ್ಷ ಅಸಲು ಕಟ್ಟಿದರೆ ಕೊನೆಯ 46 ಕಂತು ಮಾಯ. ಫ್ಲೋಟಿಂಗ್ ದರದ ಗೃಹಸಾಲಕ್ಕೆ ಮುಂಗಡ ಪಾವತಿ ದಂಡವೂ ಇಲ್ಲ. ಆದರೆ ಬ್ಯಾಂಕಿಗೆ ‘ಇಎಂಐ ಹಾಗೇ ಇರಲಿ, ಅವಧಿ ಇಳಿಸಿ’ ಅಂತ ಬರೆದುಕೊಡಬೇಕು. ಕೆಲವು ಕಡೆ ಕೇಳದೆಯೇ ಇಎಂಐ ಇಳಿಸಿಬಿಡುತ್ತಾರೆ, ಆಗ ಬಡ್ಡಿ ಉಳಿತಾಯ ಬಹಳ ಕಡಿಮೆ.

ಮನೆ ದೊಡ್ಡದಾದಂತೆ ನಾವೇ ಟಿಡಿಎಸ್ (ಕೊಡುವ ಹಣದಲ್ಲೇ ಮುಂಚೆ ಕಳೆದು ಸರ್ಕಾರಕ್ಕೆ ಕಟ್ಟುವ ತೆರಿಗೆ) ಹಿಡಿಯಬೇಕಾದ ಸಂದರ್ಭಗಳೂ ಬರುತ್ತವೆ. ಬಾಡಿಗೆ ತಿಂಗಳಿಗೆ 50,000 ಮೀರಿದರೆ ಶೇ 2. ಮನೆ ಮಾಲೀಕರು ಎನ್‌ಆರ್‌ಐ ಆಗಿದ್ದರೆ ನಿಯಮವೇ ಬೇರೆ, ದರ ಶೇ 30ರ ಮೇಲೆ, ಟಿಡಿಎಸ್ ಕಟ್ಟುವವರ ಟ್ಯಾನ್ ನಂಬರ್ ಬೇಕು. ಅಗ್ರಿಮೆಂಟ್‌ಗೆ ಮೊದಲೇ ಕೇಳಿ ತಿಳಿದುಕೊಳ್ಳಿ. ಇಂಟೀರಿಯರ್ ಕೆಲಸಕ್ಕೆ ಒಬ್ಬರಿಗೇ ವರ್ಷದಲ್ಲಿ 50 ಲಕ್ಷ ಮೀರಿ ಕೊಟ್ಟರೆ ಅದಕ್ಕೂ ಶೇ 2. ಮೇಂಟೆನೆನ್ಸ್ ತಿಂಗಳಿಗೆ 7,500 ದಾಟುವ ದೊಡ್ಡ ಅಪಾರ್ಟ್‌ಮೆಂಟ್‌ಗಳಲ್ಲಿ ಶೇ 18 ಜಿಎಸ್‌ಟಿ ಸೇರುತ್ತದೆ, ಫ್ಲ್ಯಾಟ್ ನೋಡಲು ಹೋದಾಗ ಅದನ್ನು ಯಾರೂ ಹೇಳುವುದಿಲ್ಲ. ಆಸ್ತಿ ತೆರಿಗೆಯನ್ನು ಏಪ್ರಿಲ್‌ನಲ್ಲೇ ಪೂರ್ತಿ ಕಟ್ಟಿ ಶೇ 5 ರಿಯಾಯಿತಿ ತೆಗೆದುಕೊಳ್ಳುತ್ತೇವೆ.

ಅಡುಗೆಯವರು, ಮಗು ನೋಡಿಕೊಳ್ಳುವವರು, ಡ್ರೈವರ್ ಇಲ್ಲದೆ ನಾವಿಬ್ಬರೂ ಕೆಲಸಕ್ಕೆ ಹೋಗುವುದು ಸಾಧ್ಯವೇ ಇಲ್ಲ. ಅವರ ಸಂಬಳ ತಿಂಗಳ 1ನೇ ತಾರೀಕು ಬ್ಯಾಂಕಿಗೇ ಹೋಗುತ್ತದೆ. ವಾರಕ್ಕೊಂದು ರಜೆ, ಹಬ್ಬಕ್ಕೆ ಒಂದು ತಿಂಗಳ ಬೋನಸ್, ಏಪ್ರಿಲ್‌ನಲ್ಲಿ ಕೇಳುವ ಮೊದಲೇ ಸಂಬಳ ಏರಿಕೆ. ಅಡ್ವಾನ್ಸ್ ಕೊಟ್ಟರೆ ಇಬ್ಬರ ಬಳಿಯೂ ಇರುವ ನೋಟ್‌ಬುಕ್ಕಿನಲ್ಲಿ ಬರೆದು, ತಿಂಗಳ ಸಂಬಳದ ಕಾಲು ಭಾಗಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ಹೆಚ್ಚು ಹಿಡಿದರೆ ಮುಂದಿನ ತಿಂಗಳು ಮತ್ತೆ ಸಾಲವೇ ಕೇಳಬೇಕಾಗುತ್ತದೆ. ಅವರ ಹೆಸರಿನಲ್ಲಿ ಪ್ರಧಾನಮಂತ್ರಿ ಸುರಕ್ಷಾ ಬಿಮಾ (ವರ್ಷಕ್ಕೆ 20 ರೂಪಾಯಿ, 2 ಲಕ್ಷದ ಅಪಘಾತ ವಿಮೆ) ಮತ್ತು 50 ದಾಟದವರಿಗೆ ಜೀವನ್ ಜ್ಯೋತಿ (436 ರೂಪಾಯಿ, 2 ಲಕ್ಷದ ಜೀವವಿಮೆ) ಮಾಡಿಸಿದ್ದೇವೆ. ಇವುಗಳ ವಿಮಾ ವರ್ಷ ಜೂನ್ 1ರಿಂದ. ಕಂತು ಮೇ ಕೊನೆಯಲ್ಲಿ ಖಾತೆಯಿಂದ ತಾನಾಗಿ ಕಡಿತವಾಗುತ್ತದೆ. ಆ ಹೊತ್ತಿಗೆ ಖಾತೆ ಖಾಲಿಯಿದ್ದರೆ ವಿಮೆ ಸದ್ದಿಲ್ಲದೆ ನಿಂತುಹೋಗುತ್ತದೆ. ಅದಕ್ಕೆ ಮೇ 20ಕ್ಕೆ 500 ರೂಪಾಯಿ ಬೇರೆಯಾಗಿ ಹಾಕಿ, ಜೂನ್ ಮೊದಲ ವಾರ ಪಾಸ್‌ಬುಕ್ ಎಂಟ್ರಿ ಹಾಕಿಸಿ ನೋಡುತ್ತೇವೆ.

ಊರಿನಲ್ಲಿರುವ ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ಬದಲು ಅವರ ಹೆಸರಿಗೇ ಇಡುಗಂಟು ಮಾಡುವುದು ಮೇಲು. ತಿಂಗಳ ದುಡ್ಡಿಗೆ ಮಗನನ್ನೋ ಸೊಸೆಯನ್ನೋ ಕಾಯುವ ಸ್ಥಿತಿ ಅವರಿಗೆ ಬರಬಾರದು. 60 ದಾಟಿದ ಒಬ್ಬೊಬ್ಬರ ಹೆಸರಿನಲ್ಲಿ ಪೋಸ್ಟ್ ಆಫೀಸಿನ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 30 ಲಕ್ಷದವರೆಗೆ ಇಡಬಹುದು. ಶೇ 8.2ರಂತೆ ಮೂರು ತಿಂಗಳಿಗೊಮ್ಮೆ 61,500 ರೂಪಾಯಿ ಅವರ ಖಾತೆಗೇ ಬರುತ್ತದೆ. ತಂದೆ ತಾಯಿಗೆ ಕೊಟ್ಟ ಹಣಕ್ಕೆ ಗಿಫ್ಟ್ ತೆರಿಗೆ ಇಲ್ಲ. ಹೆಂಡತಿಗೋ ಗಂಡನಿಗೋ ಕೊಟ್ಟಾಗ ಆಗುವಂತೆ ಬಡ್ಡಿ ನಮ್ಮ ಆದಾಯಕ್ಕೆ ಸೇರುವುದೂ ಇಲ್ಲ. 12 ಲಕ್ಷದೊಳಗಿನ ಆದಾಯವಾದ್ದರಿಂದ ಅವರೂ ತೆರಿಗೆ ಕಟ್ಟಬೇಕಿಲ್ಲ. ಬಡ್ಡಿಯಲ್ಲಿ ಟಿಡಿಎಸ್ ಹಿಡಿಯಬೇಡಿ ಎಂದು ಹೇಳುವ ಫಾರ್ಮ್ 15ಎಚ್ ಮಾತ್ರ ಪ್ರತಿ ಏಪ್ರಿಲ್‌ನಲ್ಲಿ ಕೊಡಬೇಕು.

ಕೊಟ್ಟ ಮೇಲೆ ಆ ದುಡ್ಡು ಅವರದು ಅನ್ನುವುದನ್ನು ಕೊಡುವ ಮೊದಲೇ ಮನಸ್ಸಿಗೆ ತಂದುಕೊಂಡಿರಬೇಕು. ನಾಮಿನಿ ಅಂದರೆ ದುಡ್ಡು ಬಿಡಿಸಿಕೊಳ್ಳುವವರು ಅಷ್ಟೇ, ಹಕ್ಕು ಎಲ್ಲ ವಾರಸುದಾರರದು. ಅಣ್ಣ, ತಂಗಿಯರ ಜೊತೆ ಮೊದಲೇ ಮಾತಾಡಿ, ಅಪ್ಪ ಅಮ್ಮ ತಮಗೆ ಬೇಕಾದಂತೆ ವಿಲ್ ಬರೆಯುವಂತೆ ಮಾಡಿದೆವು. ವಿಲ್‌ಗೆ ಸ್ಟಾಂಪ್ ಡ್ಯೂಟಿ ಇಲ್ಲ, ಇಬ್ಬರು ಸಾಕ್ಷಿಗಳು ಸಾಕು. ನೋಂದಣಿ ಕಡ್ಡಾಯವಲ್ಲದಿದ್ದರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಾಯಿಸಿದೆವು. ವಿಲ್‌ನಿಂದ ಏನೂ ಸಿಗದವರನ್ನೇ ಸಾಕ್ಷಿ ಹಾಕಿಸಿದೆವು.