ಚಾಲಾಕಿ ಬಾಕ್ಸರ್ ಎದುರು ನಾಕೌಟ್ ಹೊಡೆತಗಾರ: ಯಾರು ಗೆಲ್ತಾರೆ ಅಂತ ವಾದ ಮಾಡೋದು ಹೇಗೆ

ಲಾಸ್ ವೇಗಸ್‌ನಲ್ಲಿ ಶನಿವಾರ ರಾತ್ರಿ ನಡೆಯೋ ದೊಡ್ಡ ಫೈಟು ನಮ್ ಚಿಕ್ಕಮಗಳೂರಿಗೆ ಭಾನುವಾರ ಬೆಳಗ್ಗೆ ತಿಂಡಿ ಹೊತ್ತಿಗೆ ಬರುತ್ತೆ, ಅದು ಮುಗಿದ್ಮೇಲೆ ಇಡೀ ದಿನ ಖಾಲಿ, ಆಜಾದ್ ಪಾರ್ಕ್ ಹತ್ರ ಕಾಫಿ ಹಿಡ್ಕೊಂಡು ನಾಲ್ಕು ಜನ ನಿಂತ್ರೆ ಮಾತು ಹೋಗೋದು ಒಂದೇ ಕಡೆ: ಇವನು ಆ ಕಾಲದ ಅವನ ಕೈಗೆ ಸಿಕ್ಕಿದ್ರೆ ಏನಾಗ್ತಿತ್ತು? ಅದ್ರಲ್ಲೂ ಒಬ್ಬ ಕೈಗೇ ಸಿಗದ ಚಾಲಾಕಿ, ಇನ್ನೊಬ್ಬ ಒಂದೇ ಏಟಿಗೆ ಮಲಗಿಸೋನು ಅಂತಾದ್ರೆ ಮುಗೀತು, ಹತ್ತು ನಿಮಿಷದಲ್ಲಿ "ನಿಂಗೆಂತ ಗೊತ್ತು ಮಾರಾಯ" ಅಂತ ಮಾತು ಮುರಿಯುತ್ತೆ. ನಂಗೆ ಇದು ನಿಜವಾಗ್ಲೂ ಬೇಜಾರು. ಯಾಕಂದ್ರೆ ಈ ವಾದನ ಸರಿಯಾಗಿ ಮಾಡಿದ್ರೆ ಬಾಕ್ಸಿಂಗ್ ಕಲಿಯೋಕೆ ಇದಕ್ಕಿಂತ ಒಳ್ಳೇ ದಾರಿ ಇಲ್ಲ. ನಾನು ಕಂಡ್ಕೊಂಡಿದ್ದನ್ನ ಬರೀತೀನಿ.

ಮೊದ್ಲು ಇಸವಿ ಹಾಕಿ. ಬರೀ "ಅಲಿ" ಅಂದ್ರೆ ಆಗಲ್ಲ. 1966ರಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನ 3ನೇ ರೌಂಡಲ್ಲಿ ಮುಗಿಸಿದ ಅಲಿಗೆ ಕಾಲೇ ಆಯುಧ, 1974ರಲ್ಲಿ ಕಿನ್ಶಾಸಾದಲ್ಲಿ ಫೋರ್‌ಮನ್‌ನ 8ನೇ ರೌಂಡಲ್ಲಿ ಕೆಡವಿದ ಅಲಿ ಹಗ್ಗಕ್ಕೆ ಒರಗಿ ನಿಂತು ಹೊಡೆತ ತಿಂದು ಗೆದ್ದೋನು. ಇಬ್ರೂ ಬೇರೆ ಬೇರೆ ಫೈಟರ್ ಅಂತಾನೇ ಲೆಕ್ಕ ಹಾಕ್ಬೇಕು. ಟೈಸನ್ನೂ ಅಷ್ಟೇ, 1988ರಲ್ಲಿ ಸ್ಪಿಂಕ್ಸ್‌ನ 91 ಸೆಕೆಂಡಲ್ಲಿ ಮುಗಿಸಿದೋನು 1990ರಲ್ಲಿ ಟೋಕಿಯೋದಲ್ಲಿ ಡಗ್ಲಸ್ ಕೈಲಿ 10ನೇ ರೌಂಡಲ್ಲಿ ಬಿದ್ದ. ಯಾವ ರಾತ್ರಿಯ ಟೈಸನ್ ಅಂತ ಹೇಳಿ ಆಮೇಲೆ ಬಾಯಿ ತೆಗೀರಿ.

ಆಮೇಲೆ ತೂಕ, ರೌಂಡು, ರಿಂಗ್ ಎಷ್ಟು ಅಗಲ, ತೂಕ ಹಾಕೋದು ಹಿಂದಿನ ದಿನವಾ ಫೈಟ್ ದಿನವಾ, ಇಷ್ಟನ್ನೂ ಇಬ್ರೂ ಒಪ್ಕೋಬೇಕು. ಇದೆಲ್ಲ ಸಣ್ಣ ವಿಷಯ ಅಂತ ಬಿಡ್ತಾರೆ, ನನ್ ಪ್ರಕಾರ ಅರ್ಧ ಫೈಟ್ ಇಲ್ಲೇ ಮುಗಿದಿರುತ್ತೆ. 1987ರಲ್ಲಿ ಮಿಡಲ್‌ವೇಟ್ ಚಾಂಪಿಯನ್ ಹ್ಯಾಗ್ಲರ್ ಜೊತೆ ಆಡೋ ಮೊದ್ಲೇ ಚಾಲಾಕಿ ಲೆನಾರ್ಡ್ ಕಡೆಯವರು 15ರ ಬದ್ಲು 12 ರೌಂಡ್ ಬೇಕು, ರಿಂಗ್ ದೊಡ್ಡದಿರ್ಬೇಕು ಅಂತ ಕೂತು ಮಾತಾಡಿದ್ರು, ಕೊನೆಗೆ ಲೆನಾರ್ಡ್ ಗೆದ್ದಿದ್ದು ಸ್ಪ್ಲಿಟ್ ಡಿಸಿಷನ್‌ನಲ್ಲಿ, ಅಂದ್ರೆ ಮೂವರು ಜಡ್ಜ್‌ಗಳಲ್ಲಿ ಇಬ್ರು ಇವನಿಗೆ, ಒಬ್ಬರು ಅವನಿಗೆ. 1982ರ ನವೆಂಬರ್‌ನಲ್ಲಿ ಮಾನ್ಸಿನಿ ಜೊತೆ ಆಡಿ ಕೊರಿಯಾದ ಕಿಮ್ ಡುಕ್-ಕೂ ತೀರ್ಕೊಂಡ್ಮೇಲೆ ಚಾಂಪಿಯನ್ ಪಟ್ಟ ಕೊಡೋ ಸಂಸ್ಥೆಗಳಲ್ಲಿ ಒಂದಾದ ಡಬ್ಲ್ಯೂಬಿಸಿ 15 ರೌಂಡನ್ನ 12ಕ್ಕೆ ಇಳಿಸ್ತು, ಉಳಿದವ್ರೂ ಹಿಂದೆ ಬಂದ್ರು. ಹಳೇ ಫೈಟರ್ ಬಗ್ಗೆ ವಾದ ಮಾಡೋರು ಈ ಮೂರು ರೌಂಡನ್ನ ಮರೀತಾರೆ. 1941ರಲ್ಲಿ ಬಿಲ್ಲಿ ಕಾನ್, ಚಾಂಪಿಯನ್ ಜೋ ಲೂಯಿಸ್ ಮೇಲೆ 12 ರೌಂಡ್ ಮುಗಿದಾಗ ಪಾಯಿಂಟ್ಸ್‌ನಲ್ಲಿ ಮುಂದಿದ್ದ, 13ರಲ್ಲಿ ತಾನೇ ನಾಕೌಟ್ ಮಾಡೋಕೆ ಹೋಗಿ ರೌಂಡ್ ಮುಗಿಯೋಕೆ 2 ಸೆಕೆಂಡ್ ಇರೋವಾಗ ಬಿದ್ದ. ಈಗಿನ ರೂಲ್ ಇದ್ದಿದ್ರೆ ಕಾನ್ ಹೆವಿವೇಟ್ ಚಾಂಪಿಯನ್ ಆಗಿ ಮನೆಗೆ ಹೋಗಿರೋನು.

ಒಲಿಂಪಿಕ್ಸ್ ಮಾತ್ರ ನೋಡೋ ಹುಡುಗ್ರಿಗೆ ಒಂದು ಮಾತು, ಅಲ್ಲಿ 3 ನಿಮಿಷದ 3 ರೌಂಡು ಅಷ್ಟೇ, ಹೊಡೆತಗಾರನಿಗೆ ಎದುರಾಳಿನ ಸುಸ್ತು ಮಾಡೋಕೆ ಟೈಮೇ ಇಲ್ಲ. ಲವ್ಲೀನಾ, ನಿಖತ್ ಆಡೋ ಆಟದಿಂದ ಪ್ರೊಫೆಷನಲ್ ಫೈಟ್‌ಗೆ ನೇರ ಲೆಕ್ಕ ತರ್ಬೇಡಿ.

ಈಗ ಮುಖ್ಯ ವಿಷಯ. "ಅವನ ಒಂದೇಟು ತಗುಲಿದ್ರೆ ಸಾಕು" ಅನ್ನೋರಿಗೆ ಒಂದೇ ಪ್ರಶ್ನೆ ಕೇಳಿ: ತಗುಲೋದು ಹೇಗೆ? ದಾರಿ ಹೇಳು. ಹೊಡೆತದ ಶಕ್ತಿ ಎಲ್ರಿಗೂ ಗೊತ್ತು, ಹೊಡೆತ ಹೋಗಿ ಮುಟ್ಟೋ ದಾರಿನೇ ವಾದ. ಜಾತ್ರೆ ಕುಸ್ತಿ ನೋಡಿ ಬೆಳೆದ ನಮ್ಮ ಹಿರಿಯರು ಬಾಕ್ಸಿಂಗ್ ಹಾಕಿದ್ರೂ ಮೊದ್ಲು ಕಾಲು ನೋಡ್ತಾರೆ, ಅದು ಸರಿಯಾದ ಅಭ್ಯಾಸ. ಹೊಡೆತಗಾರ ಎದುರಾಳಿ ಹಿಂದೆ ಹೋಗ್ತಾನಾ, ಅಡ್ಡ ಹೋಗ್ತಾನಾ ಅಂತ ನೋಡಿ. ತಪ್ಪಿಸ್ಕೊಂಡ ಕರುನ ಹಿಡಿಯೋಕೆ ಯಾರೂ ಅದರ ಬಾಲದ ಹಿಂದೆ ಓಡಲ್ಲ, ಬೇಲಿ ಕಡೆ ಅಡ್ಡ ನಡ್ಕೊಂಡು ಹೋಗಿ ದಾರಿ ಕಟ್ತಾರೆ, ರಿಂಗ್ ಕಟ್ ಮಾಡೋದು ಅಂದ್ರೂ ಅದೇ. ಹಿಂದೆ ಹಿಂದೆ ನಡೆಯೋ ಹೊಡೆತಗಾರನಿಗೆ 12 ರೌಂಡೂ ಜ್ಯಾಬ್ (ಮುಂದಿನ ಕೈ ನೇರ ಚಾಚಿ ಹೊಡೆಯೋ ಏಟು) ಊಟ. ಅಡ್ಡ ಹೆಜ್ಜೆ ಹಾಕಿ ಹಗ್ಗಕ್ಕೆ ಒತ್ತಿ ಹೊಟ್ಟೆ ಪಕ್ಕೆಲುಬಿಗೆ ಕೊಡೋನು ಬೇರೆ ಪ್ರಾಣಿ, ಆ ಹೊಡೆತದ ಲೆಕ್ಕ 3ನೇ ರೌಂಡಲ್ಲಿ ಕಾಣಲ್ಲ, 9ರಲ್ಲಿ ಚಾಲಾಕಿ ಕಾಲು ಭಾರ ಆದಾಗ ಕಾಣುತ್ತೆ. 1990ರ ಮಾರ್ಚಲ್ಲಿ ಚಾವೇಜ್ ಮಾಡಿದ್ದು ಇದನ್ನೇ. ಮೆಲ್ಡ್ರಿಕ್ ಟೇಲರ್ ಇಬ್ರು ಜಡ್ಜ್ ಅಂಕ ಬರೆಯೋ ಕಾರ್ಡಲ್ಲಿ ಆರಾಮಾಗಿ ಮುಂದೆ ಇದ್ದ, ಆದ್ರೆ ಮುಖ ಮೈ ಎಲ್ಲ ಹಣ್ಣಾಗಿತ್ತು, 12ನೇ ರೌಂಡಲ್ಲೂ ನಿಂತು ಹೊಡೆದಾಡಿದ, ಬಿದ್ದು ಎದ್ದ, 2 ಸೆಕೆಂಡ್ ಉಳಿದಿರೋವಾಗ ರೆಫ್ರಿ ಫೈಟ್ ನಿಲ್ಲಿಸಿದ್ರು, ಚಾವೇಜ್ ಗೆದ್ದ. ಅದು ಸರಿನಾ ತಪ್ಪಾ ಅಂತ ಇವತ್ತಿಗೂ ಜಗಳ ಇದೆ, ನಾನು ಟೇಲರ್ ಕಡೆ.

ಚಾಲಾಕಿ ಕಡೆಯವನಿಗೂ ಪ್ರಶ್ನೆ ಬೇಕು: ಇವನ ಜ್ಯಾಬ್‌ಗೆ ಉರಿ ಇದೆಯಾ? ಬರೀ ತಪ್ಪಿಸ್ಕೊಳ್ಳೋದು ಸಾಲಲ್ಲ, ಎದುರಿನವನಿಗೆ ಭಯ ಇಲ್ಲಾಂದ್ರೆ ಅವನು ನಡ್ಕೊಂಡೇ ಒಳಗೆ ಬರ್ತಾನೆ.

ಅಂಕದ ಲೆಕ್ಕ ಬಾಯಲ್ಲಿ ಬರ್ಬೇಕು. ರೌಂಡ್ ಗೆದ್ದೋನಿಗೆ 10, ಸೋತೋನಿಗೆ 9, ಒಂದ್ಸಲ ಬಿದ್ರೆ ಸಾಮಾನ್ಯವಾಗಿ 8. ಚಾಲಾಕಿ 7 ರೌಂಡ್ ಗೆದ್ದು 5 ಸೋತ ಅಂತ ಇಟ್ಕೊಳ್ಳಿ, 115-113. ಆ ಐದ್ರಲ್ಲಿ ಎರಡು ರೌಂಡಲ್ಲಿ ಒಂದೊಂದ್ಸಲ ಬಿದ್ರೆ 113-113, ಡ್ರಾ! 2018ರ ಡಿಸೆಂಬರಲ್ಲಿ ಫ್ಯೂರಿ-ವೈಲ್ಡರ್ ಮೊದಲನೇ ಫೈಟಲ್ಲಿ ಫ್ಯೂರಿ 9ರಲ್ಲೂ 12ರಲ್ಲೂ ಬಿದ್ದ, ಒಬ್ಬ ಜಡ್ಜ್ ಕಾರ್ಡು ಸರಿಯಾಗಿ 113-113, ಉಳಿದ ಇಬ್ರು ತಲಾ ಒಬ್ಬರಿಗೆ ಕೊಟ್ರು, ಡ್ರಾ ಆಯ್ತು. ಹಾಗಾಗಿ "ಪಾಯಿಂಟ್ಸ್‌ನಲ್ಲಿ ಸುಲಭವಾಗಿ ಗೆಲ್ತಾನೆ" ಅಂತ ಯಾರಾದ್ರೂ ಅಂದ್ರೆ ಎಷ್ಟು ಸಲ ಬೀಳ್ತಾನೆ ಅಂತಾನೂ ಕೇಳಿ.

"ಅವನು ಇವನನ್ನ ಹೊಡೆದ, ಇವನು ಮತ್ತೊಬ್ಬನ್ನ ಹೊಡೆದ, ಹಾಗಾಗಿ..." ಈ ವಾದನ ಬಾಗಿಲಲ್ಲೇ ನಿಲ್ಸಿ. ಫ್ರೇಜಿಯರ್ 1971ರಲ್ಲಿ ಅಲಿನ ಸೋಲಿಸಿದ, ಫೋರ್‌ಮನ್ 1973ರಲ್ಲಿ ಫ್ರೇಜಿಯರ್‌ನ ಎರಡು ರೌಂಡಲ್ಲಿ ಆರು ಸಲ ಕೆಡವಿದ, ಆ ಲೆಕ್ಕದಲ್ಲಿ ಫೋರ್‌ಮನ್ ಅಲಿನ ಹೊಡೀಬೇಕಿತ್ತು, ಮಾರನೇ ವರ್ಷ ಅಲಿನೇ ಫೋರ್‌ಮನ್‌ನ ಹೊಡೆದ. ಹಾಗೇನೇ ನಾಕೌಟ್ ಕ್ಲಿಪ್ ನೋಡಿ ವಾದಕ್ಕೆ ಬರೋದೂ ಬೇಡ, ನಿಮ್ಮವನು ಸೋತ ರೌಂಡುಗಳನ್ನ ಪೂರ್ತಿ ನೋಡಿ. ಮಳೆಗಾಲದಲ್ಲಿ ನಮ್ ಕಡೆ ಕರೆಂಟ್ ಗ್ಯಾರಂಟಿ ಇಲ್ಲ, ಮೊದ್ಲೇ ಡೌನ್‌ಲೋಡ್ ಮಾಡಿಟ್ಕೊಳ್ಳಿ.

ಚಾಲಾಕಿ, ಹೊಡೆತಗಾರ ಅನ್ನೋ ಹಣೆಪಟ್ಟಿ ನಂಬ್ಬೇಡಿ ಅನ್ನೋದನ್ನ ಒತ್ತಿ ಹೇಳ್ತೀನಿ. 1981ರಲ್ಲಿ ಲೆನಾರ್ಡ್ ಚಾಲಾಕಿ, ಹರ್ನ್ಸ್ ಹೊಡೆತಗಾರ ಅಂತ ಎಲ್ರೂ ಲೆಕ್ಕ ಹಾಕಿದ್ರು, 6ನೇ ರೌಂಡಿಂದ ಲೆನಾರ್ಡ್ ಬೇಟೆಗಾರ ಆದ, ಹರ್ನ್ಸ್ ಉದ್ದ ಕೈ ಇಟ್ಕೊಂಡು ದೂರದಿಂದ ಬಾಕ್ಸಿಂಗ್ ಮಾಡಿ ಮೂರೂ ಕಾರ್ಡಲ್ಲಿ ಮುಂದೆ ಹೋದ, 14ರಲ್ಲಿ ಲೆನಾರ್ಡ್ ಅವನನ್ನ ಹಗ್ಗಕ್ಕೆ ಹಾಕಿ ಫೈಟ್ ನಿಲ್ಲಿಸ್ದ. ಪ್ಲಾನ್ ಬಿ ಯಾರ ಹತ್ರ ಇದೆ ಅನ್ನೋದೇ ದೊಡ್ಡ ಪ್ರಶ್ನೆ.

ಈಗ ಒಂದು ಫೈಟ್ ಪೂರ್ತಿ ವಾದ ಮಾಡಿ ತೋರಿಸ್ತೀನಿ: ಚಾಲಾಕಿ ಕಡೆ 1990ರ ಪರ್ನೆಲ್ ವಿಟೇಕರ್, ಹೊಡೆತಗಾರನ ಕಡೆ 1978ರ ರೊಬೆರ್ತೊ ದುರಾನ್, 135 ಪೌಂಡ್, ಅಂದ್ರೆ 61 ಕೆಜಿ ಚಿಲ್ಲರೆ. ದುರಾನ್ ಸೋಲ್ತಾನೆ ಅನ್ನೋರು ತಕ್ಷಣ 1980ರ ನವೆಂಬರ್ ತೆಗೀತಾರೆ, ನ್ಯೂ ಆರ್ಲಿಯನ್ಸ್‌ನಲ್ಲಿ ಲೆನಾರ್ಡ್ ಸುತ್ತಿ ಸುತ್ತಿ ಆಡಿಸಿದಾಗ 8ನೇ ರೌಂಡಲ್ಲಿ ದುರಾನ್ ಬೆನ್ನು ತಿರುಗಿಸಿ ನಡೆದ ರಾತ್ರಿ. ಆದ್ರೆ ಅದಕ್ಕೆ ಐದು ತಿಂಗಳ ಹಿಂದೆ ಮಾಂಟ್ರಿಯಲ್‌ನಲ್ಲಿ ಅದೇ ಲೆನಾರ್ಡ್ ನಿಂತು ಆಡಿದಾಗ ದುರಾನ್ 15 ರೌಂಡ್ ಒತ್ತಿ ಗೆದ್ದಿದ್ದ. ಅದೇ ಇಬ್ರು, ಎರಡು ಫಲಿತಾಂಶ, ವ್ಯತ್ಯಾಸ ಲೆನಾರ್ಡ್ ಕಾಲಲ್ಲಿ. ಮತ್ತೆ ಆ ಎರಡೂ ಫೈಟು 147 ಪೌಂಡಲ್ಲಿ, ನಮ್ ದುರಾನ್ 135ರಲ್ಲಿ ಇನ್ನೂ ಭಯಂಕರ.

ವಿಟೇಕರ್ ಲೆನಾರ್ಡ್ ತರ ರಿಂಗ್ ಪೂರ್ತಿ ಓಡಾಡೋನಲ್ಲ. ಎಡಗೈ ಸ್ಟಾನ್ಸಲ್ಲಿ (ಬಲಗೈ ಬಲಗಾಲು ಮುಂದೆ ಇಟ್ಟು) ಎದುರಾಳಿ ಮುಂದೇನೇ ನಿಂತು ಸೊಂಟ ಬಗ್ಗಿಸಿ ತಲೆ ಜರುಗಿಸಿ ತಪ್ಪಿಸ್ಕೊಳ್ಳೋನು, ಅಂದ್ರೆ ದುರಾನ್‌ಗೆ ಅವನ ಹತ್ರ ಹೋಗೋ ಕಷ್ಟ ಕಮ್ಮಿ, ತಲೆ ಸಿಗಲ್ಲ ಆದ್ರೆ ಪಕ್ಕೆ ಸಿಗುತ್ತೆ. ದುರಾನ್ ತಲೆ ಬೆನ್ನಟ್ಟಿ ಗಾಳಿ ಹೊಡೆಯೋ ದಡ್ಡನೂ ಅಲ್ಲ, ಫೇಂಟ್ ಹಾಕಿ, ಅಂದ್ರೆ ಹೊಡೆಯೋ ಹಾಗೆ ನಾಟಕ ಮಾಡಿ, ಒಳಗೆ ಬಂದು ಪಕ್ಕೆಗೆ ಕೊಡೋನು. ಇನ್ನೊಂದು ಕಡೆ ವಿಟೇಕರ್ ಬಲ ಜ್ಯಾಬ್ ಇದೆಯಲ್ಲ, ಅದು ದುರಾನ್ ಒಳಗೆ ಬರೋ ಪ್ರತಿ ಸಲನೂ ಮುಖಕ್ಕೆ ಬರುತ್ತೆ, ಒಳಗೆ ಬಂದ್ಮೇಲೂ ವಿಟೇಕರ್ ಬರಿಗೈಲಿ ನಿಲ್ಲೋನಲ್ಲ, ಹೊಟ್ಟೆಗೆ ಹೊಡೀತಾನೆ, ತಿರುಗಿಸಿ ಬಿಡ್ತಾನೆ.

ಜಡ್ಜ್ ವಿಷಯನೂ ಹಾಕ್ಕೊಳ್ಳಿ. 1988ರಲ್ಲಿ ಪ್ಯಾರಿಸ್ ಹತ್ರ ರಮಿರೇಜ್ ಜೊತೆ ವಿಟೇಕರ್ ಆಡಿದ್ದು ಗೆಲ್ಲೋ ಆಟ, ಕೊಟ್ಟಿದ್ದು ಸೋಲು. 1993ರಲ್ಲಿ ಸ್ಯಾನ್ ಅಂಟೋನಿಯೋದಲ್ಲಿ ಚಾವೇಜ್‌ಗೆ ಪಾಠ ಹೇಳಿದ ಹಾಗೆ ಆಡಿದ, ಕೊಟ್ಟಿದ್ದು ಡ್ರಾ. ಮುನ್ನುಗ್ಗೋನಿಗೆ ಅಂಕ ಕೊಡೋ ಜಡ್ಜ್‌ಗಳು ಇರ್ತಾರೆ, ಅವರನ್ನ ಬಿಟ್ಟು ವಿಟೇಕರ್ ಫೈಟ್ ವಾದ ಮಾಡೋಕಾಗಲ್ಲ.

ನನ್ ಕಾರ್ಡ್: 12 ರೌಂಡ್ ಆದ್ರೆ ವಿಟೇಕರ್ 7-5, ಯಾರೂ ಬೀಳಲ್ಲ, 115-113. 15 ರೌಂಡ್ ಆದ್ರೆ ದುರಾನ್, ಯಾಕಂದ್ರೆ ವಿಟೇಕರ್ ಜನ್ಮದಲ್ಲಿ 15 ರೌಂಡ್ ಆಡಿದೋನಲ್ಲ, ದುರಾನ್‌ಗೆ ಅದು ಗೊತ್ತಿರೋ ದಾರಿ, ಪಕ್ಕೆಗೆ ಬಿದ್ದ ಸಾಲ 13, 14, 15ರಲ್ಲಿ ವಸೂಲಾಗುತ್ತೆ, ಆ ಮೂರೂ ದುರಾನ್‌ಗೆ ಹೋದ್ರೆ 143-142. ಒಪ್ಪಲ್ಲ ಅನ್ನೋರು ಬರೀ ಹೆಸರು ಹೇಳ್ಬೇಡಿ, ರೌಂಡ್ ರೌಂಡ್ ಕಾರ್ಡ್ ಬರ್ಕೊಂಡು ಬನ್ನಿ, ಅದ್ರಲ್ಲೂ 7ರಿಂದ 10ರವರೆಗೆ ಯಾಕೆ ಹಾಗೆ ಕೊಟ್ರಿ ಅಂತ ಹೇಳೋಕೆ ರೆಡಿ ಇರಿ.